ಮುಂದಿನ ಒಂದು ಯೂನಿಟ್‌ಗೆ ಎಷ್ಟು? ಗೃಹಜ್ಯೋತಿ ಮನೆಗಳಿಗೆ ಕರೆಂಟ್ ಲೆಕ್ಕದ ಸಮಗ್ರ ಮಾರ್ಗದರ್ಶಿ

2025ರ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ 196 ಯೂನಿಟ್ ಕರೆಂಟ್ ಖರ್ಚಾಯಿತು. ಬಿಲ್ ಬಂದಿದ್ದು 300 ರೂಪಾಯಿ ಚಿಲ್ಲರೆ. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಊರಿಂದ ನೆಂಟರು, ಹಗಲು ರಾತ್ರಿ ಫ್ಯಾನ್. ಮೀಟರ್ 203 ಯೂನಿಟ್ ತೋರಿಸಿತು. ಬಿಲ್ ಮಾತ್ರ 1,800 ರೂಪಾಯಿಯ ಹತ್ತಿರ ಬಂತು. "ಮೀಟರ್ ಕೆಟ್ಟಿರಬೇಕು, ಲೈನ್‌ಮ್ಯಾನ್‌ಗೆ ಫೋನ್ ಮಾಡು" ಅಂದರು ಅಮ್ಮ.

ಮೀಟರ್ ಸರಿಯಾಗಿಯೇ ಇತ್ತು. ಏಳು ಯೂನಿಟ್‌ಗೆ ಸುಮಾರು 1,500 ರೂಪಾಯಿ ಜಾಸ್ತಿ ಆಗಿದ್ದು ಗೃಹಜ್ಯೋತಿಯ, ಅಂದರೆ ಮನೆಗಳಿಗೆ ರಾಜ್ಯ ಸರ್ಕಾರ ಕೊಡುವ ಉಚಿತ ಕರೆಂಟ್ ಯೋಜನೆಯ, ನಿಯಮದಿಂದ. ಅವತ್ತು ಕೂತು ಲೆಕ್ಕ ಹಾಕಿದಾಗ ಒಂದು ವಿಷಯ ಮನಸ್ಸಿಗೆ ಬಂತು. ನಾವು ನೋಡುವುದು ಬಿಲ್‌ನ ಒಟ್ಟು ಮೊತ್ತವನ್ನು. ಆದರೆ ಗೀಸರ್ ಹಾಕಬೇಕೋ ಬೇಡವೋ, ಫ್ಯಾನ್ ಬದಲಿಸಬೇಕೋ, ಸೋಲಾರ್ ಕೂರಿಸಬೇಕೋ ಎಂದು ತೀರ್ಮಾನಿಸಲು ಬೇಕಾಗಿರುವುದು ಬೇರೆಯೇ ಒಂದು ಸಂಖ್ಯೆ. ಇವತ್ತಿನ ಬಳಕೆಯ ಮೇಲೆ ಇನ್ನೊಂದು ಯೂನಿಟ್ ಸುಟ್ಟರೆ ನನಗೆ ಎಷ್ಟು ಬೀಳುತ್ತದೆ? ಅಥವಾ ಒಂದು ಯೂನಿಟ್ ಉಳಿಸಿದರೆ ಎಷ್ಟು ಉಳಿಯುತ್ತದೆ? ಈ ಸಂಖ್ಯೆ ಎಲ್ಲ ಮನೆಗೂ ಒಂದೇ ಅಲ್ಲ. ಪಕ್ಕದ ಮನೆಯವರಿಗೆ ಲಾಭ ತಂದ ಸಲಹೆ ನಿಮಗೆ ಒಂದು ರೂಪಾಯಿಯನ್ನೂ ಉಳಿಸದೇ ಇರಬಹುದು.

ನಿಮ್ಮ ಮನೆಯ ಆ ಸಂಖ್ಯೆ ಕಂಡುಹಿಡಿಯುವುದು ಹೇಗೆ ಎಂದು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಕಳೆದ ಎರಡು ಮೂರು ತಿಂಗಳ ಬಿಲ್, ಒಂದು ಪೆನ್ನು, ಫೋನಿನ ಕ್ಯಾಲ್ಕುಲೇಟರ್ ಹತ್ತಿರ ಇಟ್ಟುಕೊಳ್ಳಿ.

ಹೆಜ್ಜೆ 1: ಬಿಲ್‌ನ ಸಾಲುಗಳನ್ನು ಬೇರೆ ಬೇರೆ ಮಾಡಿ

ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರು ಕಡೆಯ ಸೆಸ್ಕ್ – ನಿಮ್ಮದು ಯಾವುದೇ ಇರಲಿ, ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. 2025ರ ಮಾರ್ಚ್‌ನಲ್ಲಿ ಅದು ಮೂರು ವರ್ಷಗಳ ದರವನ್ನು ಒಟ್ಟಿಗೇ ಪ್ರಕಟಿಸಿತು. 2025-26ರ ಪ್ರಕಾರ ಮನೆ ಬಳಕೆಯ ಬಿಲ್‌ನಲ್ಲಿ ಇದ್ದದ್ದು ಇವು:

- ವಿದ್ಯುತ್ ಶುಲ್ಕ: ಯೂನಿಟ್‌ಗೆ 5.80 ರೂ.
- ನಿಗದಿತ ಶುಲ್ಕ: ಮಂಜೂರಾದ ಲೋಡ್‌ನ (ನಿಮ್ಮ ಮನೆ ಒಮ್ಮೆಗೆ ಎಳೆಯಬಹುದು ಎಂದು ಕಂಪನಿ ಒಪ್ಪಿದ ಗರಿಷ್ಠ ಲೋಡ್) ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂ.
- ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು: ಯೂನಿಟ್‌ಗೆ 36 ಪೈಸೆ
- ತೆರಿಗೆ: ವಿದ್ಯುತ್ ಶುಲ್ಕದ ಮೇಲೆ ಶೇ 9
- ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ: ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ

ಈಗ ಈ ಸಾಲುಗಳನ್ನು ಎರಡು ಗುಂಪು ಮಾಡಿ. ನಿಗದಿತ ಶುಲ್ಕ ಒಂದು ಕಡೆ. ನೀವು ಊರಿಗೆ ಹೋಗಿ ತಿಂಗಳೆಲ್ಲ ಮನೆಗೆ ಬೀಗ ಹಾಕಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಮಿಕ್ಕಿದ್ದೆಲ್ಲ ಇನ್ನೊಂದು ಕಡೆ. ಅವು ಯೂನಿಟ್ ಲೆಕ್ಕದಲ್ಲಿ ಏರುವಂಥವು.

ಎರಡನೇ ಗುಂಪನ್ನು ಕೂಡಿಸೋಣ. 5.80, ಅದರ ಶೇ 9 ಅಂದರೆ 52 ಪೈಸೆ, ಜೊತೆಗೆ 36 ಪೈಸೆ. ಒಟ್ಟು 6.68 ರೂ. ಹೊಂದಾಣಿಕೆ ಶುಲ್ಕ ಬದಲಾಗುತ್ತಾ ಇರುವುದರಿಂದ ಅದನ್ನು ಸದ್ಯಕ್ಕೆ ಬಿಡೋಣ. ಮುಂದಿನ ಲೆಕ್ಕವೆಲ್ಲ ಈ 2025-26ರ ದರದ್ದು. ದರ ಏಪ್ರಿಲ್‌ನಿಂದ ಏಪ್ರಿಲ್‌ಗೆ ಬದಲಾಗುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವ ಬಿಲ್‌ನ ಅಂಕಿಗಳನ್ನೇ ಹಾಕಿಕೊಳ್ಳಿ, ಲೆಕ್ಕದ ದಾರಿ ಇದೇ.

ಹಳಬರಿಗೆ ಒಂದು ಮಾತು. ಮೊದಲು ಸ್ಲ್ಯಾಬ್ ಇತ್ತಲ್ವಾ, ಕಡಿಮೆ ಬಳಸಿದವರಿಗೆ ಕಡಿಮೆ ದರ. 2024ರ ಏಪ್ರಿಲ್‌ನಿಂದ ಅದು ಹೋಗಿದೆ. ಈಗ ಮೊದಲ ಯೂನಿಟ್‌ಗೂ ಐನೂರನೇ ಯೂನಿಟ್‌ಗೂ ದರಪಟ್ಟಿಯಲ್ಲಿ ಒಂದೇ ಬೆಲೆ. ಮನೆಮನೆಗೆ ವ್ಯತ್ಯಾಸ ಮಾಡುವುದು ಗೃಹಜ್ಯೋತಿ.

ಹೆಜ್ಜೆ 2: ನಿಮ್ಮ ಅರ್ಹ ಯೂನಿಟ್ ಎಷ್ಟು ಎಂದು ನೋಡಿ

"200 ಯೂನಿಟ್ ಫ್ರೀ" ಎಂದು ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. 2023ರ ಆಗಸ್ಟ್‌ನಲ್ಲಿ ಯೋಜನೆ ಜಾರಿಗೆ ಬಂದಾಗ ಪ್ರತಿ ಮನೆಗೂ ಬೇರೆ ಬೇರೆ ಮಿತಿ ಕಟ್ಟಲಾಯಿತು. 2022-23ರಲ್ಲಿ ಆ ಮನೆ ಬಳಸಿದ ತಿಂಗಳ ಸರಾಸರಿ, ಅದರ ಮೇಲೆ ಶೇ 10. ಆ ಸರಾಸರಿ 136 ಇದ್ದರೆ ಮಿತಿ ಹತ್ತಿರ ಹತ್ತಿರ 150. ಈ ಸಂಖ್ಯೆ ನಿಮ್ಮ ಬಿಲ್‌ನಲ್ಲೇ ಇರುತ್ತದೆ. ಕಾಣದಿದ್ದರೆ ಖಾತೆ ಸಂಖ್ಯೆ ಹಿಡಿದುಕೊಂಡು ಉಪವಿಭಾಗದ ಕಚೇರಿಯಲ್ಲಿ ಕೇಳಿ.

ನಿಯಮ ಹೀಗಿದೆ. ಮಿತಿಯೊಳಗೆ ಇದ್ದರೆ ಬಿಲ್ ಸೊನ್ನೆ. ಮಿತಿ ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳು ರಿಯಾಯಿತಿಯೇ ಇಲ್ಲ, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್ ಕಟ್ಟಬೇಕು.

2022-23ರಲ್ಲಿ ಬಳಕೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇ 10 ಸೇರಿಸಿ 58 ಯೂನಿಟ್ ಕೊಡುತ್ತಾರೆ. ಹೊಸದಾಗಿ ಮನೆ ಕಟ್ಟಿದವರು "ನಮಗೆ ಯಾಕೆ ಇಷ್ಟು ಕಡಿಮೆ" ಎಂದು ಕೇಳುವುದು ಇದೇ ಕಾರಣಕ್ಕೆ.

ಈ ಕಟ್ಟಳೆಯಲ್ಲಿ ನನಗೆ ನೋವು ತರುವ ಒಂದು ಅಂಶ ಇದೆ. ಆಗ ಜೋಪಾನವಾಗಿ ಬಳಸಿದ ಮನೆಗೆ ಈಗ ಕಡಿಮೆ ಸಿಗುತ್ತದೆ. ಆಗ ಧಾರಾಳವಾಗಿ ಸುಟ್ಟವರಿಗೆ ಈಗ ಜಾಸ್ತಿ ಸಿಗುತ್ತದೆ. ಒಂದೇ ಬಲ್ಬು, ಒಂದೇ ಫ್ಯಾನ್ ಇಟ್ಟುಕೊಂಡು 30 ಯೂನಿಟ್‌ನಲ್ಲಿ ತಿಂಗಳು ದೂಡಿದ ಮನೆಗೆ ಶೇ 10 ಅಂದರೆ ಮೂರೇ ಯೂನಿಟ್. 2024ರ ಆರಂಭದಲ್ಲಿ ಸರ್ಕಾರ ಇದನ್ನು ಸ್ವಲ್ಪ ಸರಿಪಡಿಸಿತು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು ನೇರವಾಗಿ 10 ಯೂನಿಟ್ ಸೇರಿಸಿತು. ಒಳ್ಳೆಯ ಕೆಲಸ. ಆದರೆ 60, 70 ಯೂನಿಟ್‌ನ ಮನೆಗಳ ಕಥೆ ಹಾಗೇ ಉಳಿದಿದೆ.

ಹೆಜ್ಜೆ 3: ನಿಮ್ಮ ಮನೆ ಯಾವ ಗುಂಪಿನದು?

ಇಡೀ ಬರಹದ ತಿರುಳು ಇದು, ನಿಧಾನವಾಗಿ ಓದಿ. ನಮ್ಮ ಮನೆಯನ್ನೇ ಉದಾಹರಣೆ ತೆಗೆದುಕೊಳ್ಳುತ್ತೇನೆ. ಮಂಜೂರಾದ ಲೋಡ್ 3 ಕಿಲೋವ್ಯಾಟ್, ಅರ್ಹ ಮಿತಿ 150.

140 ಯೂನಿಟ್ ಬಳಸುವ ತಿಂಗಳಲ್ಲಿ ಮುಂದಿನ ಯೂನಿಟ್‌ನ ಬೆಲೆ ಸೊನ್ನೆ. ಉಳಿಸಿದರೂ ಸೊನ್ನೆ, ಬಳಸಿದರೂ ಸೊನ್ನೆ.

165 ಯೂನಿಟ್ ಆದಾಗ 15 ಯೂನಿಟ್‌ಗೆ ಸುಮಾರು 100 ರೂ. ಇಲ್ಲಿ ಮುಂದಿನ ಯೂನಿಟ್‌ಗೆ 6.68 ರೂ.

ಸರಿಯಾಗಿ 200 ಯೂನಿಟ್ ಆದರೆ 50 ಯೂನಿಟ್‌ಗೆ 334 ರೂ. ಇನ್ನೊಂದೇ ಒಂದು ಯೂನಿಟ್ ಸೇರಿ 201 ಆಗಲಿ. ಆಗ 201 ಯೂನಿಟ್‌ಗೂ 6.68ರಂತೆ 1,343 ರೂ., ಜೊತೆಗೆ ನಿಗದಿತ ಶುಲ್ಕ 435 ರೂ. ಒಟ್ಟು 1,778 ರೂ. ಅಂದರೆ ಆ ಒಂದು ಯೂನಿಟ್‌ನ ಬೆಲೆ 1,444 ರೂಪಾಯಿ! ಹೊಲದ ಬದು ದಾಟಿದ ಹಾಗೆ ಅಂದುಕೊಂಡಿದ್ದೆವು, ನೋಡಿದರೆ ಬಾವಿಕಟ್ಟೆ.

215 ಯೂನಿಟ್ ಬಳಸುವ ಮನೆಯವರು ಇದನ್ನು ತಿರುಗಿಸಿ ನೋಡಬೇಕು. ಅವರ ಬಿಲ್ ಸುಮಾರು 1,870 ರೂ. 15 ಯೂನಿಟ್ ಇಳಿಸಿ 200ಕ್ಕೆ ಬಂದರೆ 334 ರೂ. ಉಳಿಸಿದ ಒಂದೊಂದು ಯೂನಿಟ್‌ಗೂ ನೂರು ರೂಪಾಯಿ ಸಿಕ್ಕ ಲೆಕ್ಕ.

ಇನ್ನು 320, 400 ಯೂನಿಟ್ ಬಳಸುವ ಮನೆಗಳು, ಮತ್ತು 2022-23ರ ಸರಾಸರಿಯೇ 200 ದಾಟಿದ್ದರಿಂದ ಯೋಜನೆಯ ಹೊರಗೆ ಉಳಿದವರು. ಅವರಿಗೆ ಯಾವಾಗಲೂ 6.68 ರೂ.

ಹೀಗಾಗಿ ನಾಲ್ಕು ಗುಂಪು. ಮಿತಿಯೊಳಗಿನವರು, ಮಿತಿ ದಾಟಿ 200ಕ್ಕಿಂತ ಕೆಳಗಿರುವವರು, 200ರ ಆಚೆ ಈಚೆ ಓಲಾಡುವವರು, ದೂರ ದಾಟಿಹೋದವರು. ಕಳೆದ 12 ತಿಂಗಳ ಯೂನಿಟ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ಪಕ್ಕದಲ್ಲಿ ಯಾವ ಗುಂಪು ಎಂದು ಗುರುತು ಹಾಕಿ. ಬೇಸಿಗೆಯಲ್ಲಿ ಮೂರನೇ ಗುಂಪು, ಮಳೆಗಾಲದಲ್ಲಿ ಎರಡನೇದು – ಹೀಗೂ ಇರುತ್ತದೆ. ನಮ್ಮ ಮನೆ ಹಾಗೇ.

ಹೆಜ್ಜೆ 4: ಮೀಟರ್‌ನ ಮಿಣುಕು ಎಣಿಸಿ

ಯಾವುದು ಎಷ್ಟು ಕರೆಂಟ್ ಎಳೆಯುತ್ತದೆ ಎಂದು ತಿಳಿಯಲು ಉಪಕರಣ ಕೊಳ್ಳಬೇಕಿಲ್ಲ. ಎಲೆಕ್ಟ್ರಾನಿಕ್ ಮೀಟರ್ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಾ ಇರುತ್ತದೆ. ಎಷ್ಟು ಮಿಣುಕಿಗೆ ಒಂದು ಯೂನಿಟ್ ಎಂದು ಪಕ್ಕದಲ್ಲೇ ಬರೆದಿರುತ್ತದೆ. ಎಷ್ಟೋ ಮೀಟರ್‌ಗಳಲ್ಲಿ ಅದು 3200.

ಮನೆಯ ಎಲ್ಲ ಸ್ವಿಚ್ ಆಫ್ ಮಾಡಿ. ಫ್ರಿಜ್‌ನ ಪ್ಲಗ್ ಸಹ ಹತ್ತು ನಿಮಿಷ ತೆಗೆಯಿರಿ. ಯುಪಿಎಸ್ ಮರೆಯಬೇಡಿ. ಆಗಲೂ ದೀಪ ಮಿಣುಕುತ್ತಿದ್ದರೆ ಎಲ್ಲೋ ಏನೋ ಕುಡಿಯುತ್ತಿದೆ ಅಂತ ಅರ್ಥ. ಸೆಟ್‌ಟಾಪ್ ಬಾಕ್ಸ್, ವೈಫೈ ಪೆಟ್ಟಿಗೆ, ನೀರಿನ ಫಿಲ್ಟರ್ ಒಂದೊಂದಾಗಿ ತೆಗೆದು ನೋಡಿ. ಎಲ್ಲ ತೆಗೆದ ಮೇಲೂ ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ವೈರಿಂಗ್‌ನಲ್ಲಿ ಸೋರಿಕೆ ಇರಬಹುದು, ಅದು ಹಣಕ್ಕಿಂತ ಪ್ರಾಣಕ್ಕೆ ಅಪಾಯ.

ದೀಪ ನಿಂತ ಮೇಲೆ ಒಂದು ಫ್ಯಾನ್ ಮಾತ್ರ ಹಾಕಿ. ಹಳೇ ಮಾದರಿಯ 75 ವ್ಯಾಟ್ ಫ್ಯಾನ್ ಆದರೆ ನಿಮಿಷಕ್ಕೆ 4 ಸಲ ಮಿಣುಕುತ್ತದೆ. 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟರ್‌ನದು) ಆದರೆ ಐದು ನಿಮಿಷಕ್ಕೆ 8 ಸಲ. ಲೆಕ್ಕ ಸುಲಭ: ನಿಮಿಷದ ಮಿಣುಕನ್ನು 60ರಿಂದ ಗುಣಿಸಿ, 3200ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಯೂನಿಟ್ ಎಂದು ಬರುತ್ತದೆ. ಮಕ್ಕಳ ಕೈಯಲ್ಲಿ ಮಾಡಿಸಿ. ಗೀಸರ್ ಹಾಕಿದ ಕೂಡಲೇ ದೀಪ ಎಣಿಸಲಾಗದಷ್ಟು ಜೋರಾಗಿ ಮಿಣುಕುವುದನ್ನು ಕಣ್ಣಾರೆ ನೋಡಿದ ಮಗು ಆಮೇಲೆ ತಾನೇ ಹೋಗಿ ಸ್ವಿಚ್ ಆರಿಸುತ್ತದೆ.

ಹೆಜ್ಜೆ 5: ಮೊದಲು ಬಚ್ಚಲುಮನೆ, ಆಮೇಲೆ ಮಿಕ್ಕಿದ್ದು

ಎಲ್‌ಇಡಿ ಬಲ್ಬ್ ಆರಿಸುವುದರಲ್ಲಿ ನಮ್ಮ ಗಮನವೆಲ್ಲ ಹೋಗುತ್ತದೆ. 9 ವ್ಯಾಟ್ ಬಲ್ಬ್ ದಿನಕ್ಕೆ 6 ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಸುಡುತ್ತದೆ, ಅಷ್ಟೇ. ದೊಡ್ಡ ಖರ್ಚು ಇರುವುದು ನೀರು ಕಾಯಿಸುವುದರಲ್ಲಿ.

20 ಲೀಟರ್ ಬಕೆಟ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಅರ್ಧ ಯೂನಿಟ್‌ಗೆ ಸ್ವಲ್ಪವೇ ಕಡಿಮೆ ಬೇಕು. ಇದು ನೀರಿನ ಗುಣ, ಯಾವ ಕಂಪನಿಯ ಗೀಸರ್ ತಂದರೂ ಕಡಿಮೆ ಆಗುವುದಿಲ್ಲ. ನಾಲ್ಕು ಜನ, ದಿನಕ್ಕೊಂದು ಬಕೆಟ್ ಅಂದರೆ ತಿಂಗಳಿಗೆ 55 ಯೂನಿಟ್. ಶವರ್ ಆದರೆ ಇನ್ನೂ ಜಾಸ್ತಿ. ಮೂರನೇ ಗುಂಪಿನ ಮನೆಗಳಿಗೆ ದಾರಿ ಇರುವುದು ಇಲ್ಲಿಯೇ. ಮಾರ್ಚ್‌ನಿಂದ ಮೇವರೆಗೆ ತೊಟ್ಟಿಯ ನೀರೇ ಬೆಚ್ಚಗಿರುತ್ತದೆ. ಆ ಮೂರು ತಿಂಗಳು ಗೀಸರ್ ಬಿಟ್ಟರೆ ಫ್ಯಾನ್ ಜಾಸ್ತಿ ಓಡಿದರೂ 200ರೊಳಗೆ ಉಳಿಯಬಹುದು.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಚ್ಚಲೊಲೆ ಇನ್ನೂ ಇದೆ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಹೇಗಿದ್ದರೂ ಬೀಳುತ್ತವೆ. ಹಂಡೆ ಕಿತ್ತು ಗೀಸರ್ ಹಾಕುವ ಮೊದಲು ಈ 55 ಯೂನಿಟ್ ನಿಮ್ಮ ಅರ್ಹ ಮಿತಿಯಲ್ಲಿ ಇದೆಯೋ ಇಲ್ಲವೋ ನೋಡಿಕೊಳ್ಳಿ. ಪಟ್ಟಣದಲ್ಲಿ ಸ್ವಂತ ಛಾವಣಿ ಇದ್ದವರಿಗೆ ಸೋಲಾರ್ ವಾಟರ್ ಹೀಟರ್ ಎಲ್ಲಕ್ಕಿಂತ ಒಳ್ಳೆಯದು.

ಈಗ ಫ್ಯಾನ್. ದಿನಕ್ಕೆ 12 ಗಂಟೆ ಓಡುವ ಫ್ಯಾನ್ ಅನ್ನು ಬಿಎಲ್‌ಡಿಸಿಗೆ ಬದಲಿಸಿದರೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ನಾಲ್ಕನೇ ಗುಂಪಿನವರಿಗೆ ಅದು ತಿಂಗಳಿಗೆ ಸುಮಾರು 108 ರೂ. ಫ್ಯಾನ್‌ಗೆ 3,000 ರೂ. ಕೊಟ್ಟು, ವರ್ಷದಲ್ಲಿ 8 ತಿಂಗಳು ಓಡಿಸಿದರೆ ಮೂರೂವರೆ ವರ್ಷದಲ್ಲಿ ದುಡ್ಡು ವಾಪಸ್. ಹೇಗೂ ಹೊಸ ಫ್ಯಾನ್ ಕೊಳ್ಳಬೇಕಿದ್ದರೆ ಕಣ್ಣು ಮುಚ್ಚಿ ಬಿಎಲ್‌ಡಿಸಿ ತನ್ನಿ. 215 ಯೂನಿಟ್‌ನ ಮನೆಗೆ ಒಂದೇ ಫ್ಯಾನ್ ಸಾಕು, ಎರಡು ತಿಂಗಳ ಬೇಸಿಗೆಯಲ್ಲೇ ಅದರ ಬೆಲೆ ಹುಟ್ಟುತ್ತದೆ. ಮೊದಲ ಗುಂಪಿನ ಮನೆಗೆ ಏನೂ ಉಳಿಯುವುದಿಲ್ಲ. ಇದನ್ನು ಅಂಗಡಿಯವರು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಎಸಿಯ ಮೇಲೆ ಅಂಟಿಸಿರುವ ಸ್ಟಾರ್ ಗುರುತಿನ ಬಿಇಇ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಅದು 1,600 ಗಂಟೆ ಓಡಿದರೆ ಎಂಬ ಲೆಕ್ಕ. 1,600ರಿಂದ ಭಾಗಿಸಿ ಗಂಟೆಯ ಲೆಕ್ಕ ತೆಗೆಯಿರಿ. ಫ್ರಿಜ್ ಚೀಟಿಯ ಸಂಖ್ಯೆಯನ್ನು 12ರಿಂದ ಭಾಗಿಸಿದರೆ ತಿಂಗಳ ಲೆಕ್ಕ.

ಇಂಡಕ್ಷನ್ ಒಲೆ ಬಗ್ಗೆ ತುಂಬಾ ಜನ ಕೇಳುತ್ತಾರೆ. 14.2 ಕೆಜಿ ಸಿಲಿಂಡರ್ ಮಾಡುವ ಅಡುಗೆಯನ್ನು ಇಂಡಕ್ಷನ್‌ನಲ್ಲಿ ಮಾಡಲು ಸುಮಾರು 130 ಯೂನಿಟ್ ಬೇಕು. 6.68ರಂತೆ ಅದು 870 ರೂ. ಆಗುತ್ತದೆ. ನಿಮ್ಮೂರಿನ ಸಿಲಿಂಡರ್ ಬೆಲೆಗೆ ಹೋಲಿಸಿ ನೋಡಿ, ದೊಡ್ಡ ವ್ಯತ್ಯಾಸ ಇರುವುದಿಲ್ಲ. ಮಿತಿಯಲ್ಲಿ ಇನ್ನೂ 30, 40 ಯೂನಿಟ್ ಉಳಿಯುವ ಮನೆಗೆ ಬೆಳಗಿನ ಕಾಫಿ, ಹಾಲು, ಅನ್ನ ಇಂಡಕ್ಷನ್‌ನಲ್ಲಿ ಮಾಡಿದರೆ ಲಾಭ. 190ರಲ್ಲಿ ಇರುವ ಮನೆ ಅದರ ಹತ್ತಿರವೂ ಹೋಗಬಾರದು.

ಹೆಜ್ಜೆ 6: ಮಂಜೂರಾದ ಲೋಡ್ ತೂಗಿ ನೋಡಿ

ಮನೆ ಕಟ್ಟುವಾಗ ಕಾಂಟ್ರಾಕ್ಟರ್ "ಇರಲಿ ಬಿಡಿ" ಎಂದು 5 ಕಿಲೋವ್ಯಾಟ್ ಬರೆಸಿರುತ್ತಾರೆ. ಪೂರ್ತಿ ಬಿಲ್ ಕಟ್ಟುವ ಮನೆಯಾದರೆ ಇದರ ಹೊರೆ ಪ್ರತಿ ತಿಂಗಳೂ ಬೀಳುತ್ತದೆ. ಮೀಟರ್‌ನ ಗುಂಡಿ ಒತ್ತುತ್ತಾ ಹೋದರೆ 'ಎಂಡಿ' ಎಂಬ ಅಂಕಿ ಬರುತ್ತದೆ. ಆ ಅವಧಿಯಲ್ಲಿ ನೀವು ಒಮ್ಮೆಗೆ ಎಳೆದ ಗರಿಷ್ಠ ಲೋಡ್ ಅದು. ವರ್ಷವಿಡೀ, ಚಳಿಗಾಲ ಸೇರಿ, ಅದು 2.5 ದಾಟದಿದ್ದರೆ ಲೋಡ್ ಅನ್ನು 3ಕ್ಕೆ ಇಳಿಸಲು ಉಪವಿಭಾಗದಲ್ಲಿ ಅರ್ಜಿ ಕೊಡಿ. 2 ಕಿಲೋವ್ಯಾಟ್ ಇಳಿದರೆ ವರ್ಷಕ್ಕೆ 3,480 ರೂ. ಉಳಿಯುತ್ತದೆ. ಆದರೆ ಅತಿಯಾಗಿ ಇಳಿಸಬೇಡಿ. ಎಂಡಿ ಲೋಡ್ ದಾಟಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಗೀಸರ್ ಮತ್ತು ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಹಾಕದಿದ್ದರೆ ಎಂಡಿ ತಾನಾಗಿ ಕೆಳಗಿರುತ್ತದೆ.

ಹೆಜ್ಜೆ 7: ಒಂದೇ ಮೀಟರ್, ಎರಡು ಸಂಸಾರ

ಅಣ್ಣ ಕೆಳಗೆ, ತಮ್ಮ ಮೇಲೆ, ಮೀಟರ್ ಒಂದೇ. ಇಬ್ಬರೂ 120, 120 ಬಳಸಿದರೂ ಮೀಟರ್ ಕಣ್ಣಿಗೆ 240, ಪೂರ್ತಿ ಬಿಲ್. ಪ್ರತ್ಯೇಕ ಮೀಟರ್ ಇದ್ದು, ಹಳೇ ಮೀಟರ್‌ನ 2022-23ರ ಸರಾಸರಿ 200 ದಾಟಿರದಿದ್ದರೆ ಇಬ್ಬರೂ ಯೋಜನೆಯೊಳಗೆ ಬರಬಹುದು. ಹೊಸ ಮೀಟರ್‌ಗೆ 58 ಯೂನಿಟ್ ಮಿತಿ ಹಿಡಿದರೂ ಉಳಿತಾಯ ಇದೆ. ಹೊಸ ಸಂಪರ್ಕಕ್ಕೆ ಕಟ್ಟಡದ ಯಾವ ದಾಖಲೆ ಬೇಕು ಎಂದು ಮೊದಲೇ ವಿಚಾರಿಸಿ, ಆಮೇಲೆ ವೈರಿಂಗ್‌ಗೆ ಖರ್ಚು ಮಾಡಿ.

ಬಾಡಿಗೆದಾರರೂ ಯೋಜನೆಗೆ ಅರ್ಹರು. ಮನೆ ಬದಲಿಸುವಾಗ ಹಳೇ ಮನೆಯ ಖಾತೆಯಿಂದ ನಿಮ್ಮ ಆಧಾರ್ ಬಿಡಿಸಿಕೊಂಡು ಹೊಸ ಮನೆಗೆ ಜೋಡಿಸಬೇಕು. ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಇದಕ್ಕೆ ದಾರಿ ಇದೆ. ಇದನ್ನು ಮರೆತು ತಿಂಗಳುಗಟ್ಟಲೆ ಪೂರ್ತಿ ಬಿಲ್ ಕಟ್ಟಿದವರನ್ನು ನೋಡಿದ್ದೇನೆ.

ಹೆಜ್ಜೆ 8: ಛಾವಣಿ ಸೋಲಾರ್ – ಯಾರಿಗೆ, ಯಾರಿಗಲ್ಲ

2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ. ಸಬ್ಸಿಡಿ. ಗರಿಷ್ಠ 78,000 ರೂ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಹಾಕಿದರೆ ತಿಂಗಳಿಗೆ 360.

ತಿಂಗಳಿಗೆ 320 ಯೂನಿಟ್ ಬಳಸುವ ಮನೆ ನೆಟ್ ಮೀಟರ್‌ನೊಂದಿಗೆ (ಲೈನ್‌ಗೆ ಕೊಟ್ಟ ಸೋಲಾರ್ ಕರೆಂಟನ್ನು ಬಳಕೆಯಿಂದ ಕಳೆಯುವ ಮೀಟರ್) ಇದನ್ನು ಹಾಕಿದರೆ ವರ್ಷಕ್ಕೆ ಸುಮಾರು 25,600 ರೂ. ಉಳಿಸಬಹುದು. ನಿಗದಿತ ಶುಲ್ಕ ಮಾತ್ರ ಹಾಗೇ ಇರುತ್ತದೆ. ಸಬ್ಸಿಡಿ ಕಳೆದು ನಿಮ್ಮ ಕೈಯಿಂದ 1.2 ಲಕ್ಷ ಹೋದರೆ ಐದು ವರ್ಷದೊಳಗೆ ಬಂಡವಾಳ ವಾಪಸ್. ಫಲಕಗಳ ಬಾಳಿಕೆ 25 ವರ್ಷದಷ್ಟು. ಇದಕ್ಕಿಂತ ಒಳ್ಳೆಯ ಹೂಡಿಕೆ ಮಧ್ಯಮ ವರ್ಗದ ಮನೆಗೆ ಅಪರೂಪ.

ಬಿಲ್ ಸೊನ್ನೆ ಬರುವ ಮನೆಗೆ ಉಳಿಸಲು ಏನೂ ಇಲ್ಲ. ಸಾಲ ಮಾಡಿ ಸೋಲಾರ್ ಹಾಕಿಸಿ ಎಂದು ಯಾರಾದರೂ ಬಂದರೆ ಒಪ್ಪಬೇಡಿ.

ಹೆಜ್ಜೆ 9: ಸೊನ್ನೆ ಬಿಲ್‌ನ ಹಿಂದಿನ ಹಣ, ಮತ್ತು ಕೇಳುವ ಹಕ್ಕು

ನಿಮ್ಮ ಬಿಲ್ ಸೊನ್ನೆ ಆದರೂ ಕರೆಂಟ್ ಪುಕ್ಕಟೆ ಹುಟ್ಟುವುದಿಲ್ಲ. ರಾಯಚೂರಿನಲ್ಲಿ ಕಲ್ಲಿದ್ದಲು ಸುಡಬೇಕು, ಶರಾವತಿಯಲ್ಲಿ ನೀರು ಹರಿಯಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಂ ಪ್ರಕಾರ, ಯಾರಿಗಾದರೂ ರಿಯಾಯಿತಿ ಕೊಟ್ಟರೆ ಸರ್ಕಾರ ಆ ಹಣವನ್ನು ಕಂಪನಿಗೆ ಮುಂಗಡವಾಗಿ ಕಟ್ಟಬೇಕು. ಅದು ನಮ್ಮೆಲ್ಲರ ತೆರಿಗೆ.

ಬಡ ಮನೆಗೆ ಬೆಳಕು ಪುಕ್ಕಟೆ ಸಿಗಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ನನ್ನ ತಕರಾರು 200ರ ಆ ಬಾವಿಕಟ್ಟೆಯ ಬಗ್ಗೆ, ಮತ್ತು 2022-23ಕ್ಕೆ ಕಟ್ಟಿಹಾಕಿದ ಮಿತಿಯ ಬಗ್ಗೆ. ಎಲ್ಲ ಮನೆಗೂ ಸಮನಾಗಿ ಮೊದಲ ಇಷ್ಟು ಯೂನಿಟ್ ಉಚಿತ, ಮೇಲಿನದಕ್ಕೆ ದರ ಎಂದಿದ್ದರೆ ಏಳು ಯೂನಿಟ್‌ಗೆ 1,500 ರೂಪಾಯಿ ತೆರುವ ಪ್ರಸಂಗ ಯಾರಿಗೂ ಬರುತ್ತಿರಲಿಲ್ಲ.

ಇನ್ನೊಂದು ವಿಷಯ. ಪಾವಗಡದಲ್ಲೇ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಮಧ್ಯಾಹ್ನ ಬಿಸಿಲಿನ ಕರೆಂಟ್ ಹೇರಳ, ಸಂಜೆ ಏಳಕ್ಕೆ ಅದು ಇಲ್ಲ. ಆದರೂ ನಮ್ಮ ಬಿಲ್‌ನಲ್ಲಿ ಎರಡೂ ಹೊತ್ತಿಗೆ ಒಂದೇ ದರ. ಮಧ್ಯಾಹ್ನ ವಾಷಿಂಗ್ ಮಷಿನ್, ನೀರಿನ ಮೋಟರ್ ಹಾಕಿದವರಿಗೆ ಸ್ವಲ್ಪ ಕಡಿಮೆ ಮಾಡಿದರೆ ಮನೆಗೂ ರಾಜ್ಯಕ್ಕೂ ಉಪಕಾರ.

ಇದನ್ನು ಹೇಳಲು ಜಾಗ ಇದೆ. ಕಂಪನಿಗಳು ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ಕೆಇಆರ್‌ಸಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕರು ಬೇಕಾದರೂ ಬರೆಯಬಹುದು, ವಕೀಲರು ಬೇಕಿಲ್ಲ. ಹೆಸರು, ವಿಳಾಸ, ಬಿಲ್‌ನಲ್ಲಿರುವ ಆರ್‌ಆರ್ ನಂಬರ್, ಹೆಜ್ಜೆ 3ರಲ್ಲಿ ಮಾಡಿದ 12 ತಿಂಗಳ ಹಾಳೆ, ಬಿಲ್‌ಗಳ ನಕಲು ಇಷ್ಟಿದ್ದರೆ ಸಾಕು. ಗೃಹಜ್ಯೋತಿಯ ಮಿತಿ ಮಾತ್ರ ಸರ್ಕಾರದ ಕೈಯಲ್ಲಿದೆ. ಅದರ ಬಗೆಗಿನ ಪತ್ರ ಇಂಧನ ಇಲಾಖೆಗೆ, ಒಂದು ಪ್ರತಿ ನಿಮ್ಮ ಶಾಸಕರಿಗೆ. ಬಿಲ್‌ನಲ್ಲೇ ತಪ್ಪಿದ್ದರೆ 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲಿಂದ ಮುಂದೆ ಓಂಬುಡ್ಸ್‌ಮನ್.

ನಮ್ಮ ಮನೆಯಲ್ಲಿ ಈಗ ಮೀಟರ್ ಪಕ್ಕ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇವೆ. ರೀಡರ್ ಬಂದುಹೋದ ದಿನದ ರೀಡಿಂಗ್ ಅದರಲ್ಲಿ ಬರೆಯುತ್ತೇವೆ. ಇಪ್ಪತ್ತನೇ ದಿನ ಅಮ್ಮ ಇನ್ನೊಮ್ಮೆ ನೋಡುತ್ತಾರೆ. 135 ದಾಟಿದ್ದರೆ ಮುಂದಿನ ಹತ್ತು ದಿನ ಗೀಸರ್ ಬಂದ್.